ಗೋಡೆಯ ನೆಗಡಿ

ಮೇ 18, ಬೆಳಿಗ್ಗೆ

ಹಿಂದಿನ ಗೋಡೆಗೆ ಎಂದಿನಂತೆ ನೆಗಡಿ. ಮಂಗಳೂರಿನ ಬಿಜೈಯ ಈ ಮನೆ ಗುಡ್ಡ ಕಡಿದ ಜಾಗದಲ್ಲಿದೆ. ಗುಡ್ಡ ಜರಿಯದಂತೆ ಕಟ್ಟಿದ ಗೋಡೆಯ ಪೈಪುಗಳಿಂದ ಮಳೆ ಬಂದಾಗಲೆಲ್ಲ ಬಿಳಿ ನೀರು. ಟಪ್, ಟಪ್. ಒಳಗಿರುವುದು ಶೇಡಿಮಣ್ಣು. ಒಣಗಿದ್ದರೆ ಕಲ್ಲು, ನೆನೆದರೆ ಮೊಸರು.

ಹೆಂಡತಿ ಡಾಲಿ ಗುಡುಗಿದಳು: “ಗ್ಲೆನಿಟಾಳ ರೋಸ್ ಇದೇ ಅಂಗಳದಲ್ಲಿ. ಹೊಸ ಪೇಂಟಿನ ಮೇಲೆ ಇದೆಂತ ಕಲೆ? ಫೋಟೋದಲ್ಲಿ ಇದೇ ಬರ್ಲಿಕ್ಕೆ ಉಂಟಾ?”

ರೋಸ್ ಶಾಸ್ತ್ರದಲ್ಲಿ, ಮದುವೆಯ ಮುನ್ನಾದಿನ ಮಗಳ ತಲೆಗೆ ತೆಂಗಿನಹಾಲು ಎರೆಯುವಾಗ ಗೋಡೆ ಮೂಗು ಸೋರಿಸುವುದು ಸಭ್ಯತೆಯಲ್ಲ. ಪೈಪುಗಳ ಬಾಯಿಗೆ ನಾನೇ ಸಿಮೆಂಟ್ ಮೆತ್ತಿದೆ. ಗಲಾಟೆ ಮುಗಿದ ಮೇಲೆ ತೆಗೆದರಾಯಿತು.

ಮೇ 24

ರೋಸ್ ಆಯಿತು. ಫೋಟೋ ಚೆಂದ. ಮಳೆ ಜೋರು, ಗೋಡೆ ಮೌನ. ಆದರೂ ಟಪ್, ಟಪ್ ಕೇಳಿಸುತ್ತದೆ... ಹೋಗಿ ನೋಡಿದರೆ ಒಣ.

ಮೇ 26

ಮದುವೆಯೂ ಆಯಿತು. ಉಳಿ ಹಿಡಿದು ಹೊರಟೆ. ನೆಂಟರು ಕಾಫಿಗೆ ಕರೆದರು. ನಾಳೆ.

ಗುಡ್ಡದ ಮೇಲಿನ ಮನೆಯ ಹಾಶಿಂ ಇಣುಕಿದರು. “ಲಯನೆಲರೇ, ನಿಮ್ಮ ಗೋಡೆಗೂ ಹೊಟ್ಟೆ ಬಂದಿದೆಯಲ್ಲ ಮಾರಾಯ್ರೆ! ಮದುವೆ ಊಟವಾ?”

ನಕ್ಕೆ.

“ನಮ್ಮ ಅಂಗಳದಲ್ಲಿ ಒಂದು ಬಿರುಕೂ ಉಂಟು.”

ನಗು ಎಲ್ಲಿ ಹೋಯಿತೋ.

ಮೇ 27, ಮಧ್ಯಾಹ್ನ

ಮಗಳು, ಅಳಿಯ ಗೇವಿನ್ ಇವತ್ತು ಇಲ್ಲಿ ತಂಗಬೇಕು. ಶಾಸ್ತ್ರ. ಗೋಡೆಗೆ ತಾಗಿದ ಹಿಂದಿನ ಕೋಣೆಯಲ್ಲಿ ಡಾಲಿ ಹೊಸ ಬೆಡ್‌ಶೀಟ್ ಹಾಸಿದ್ದಾಳೆ.

ಓಡಿ ಹೋಗಿ ಸಿಮೆಂಟ್ ಒಡೆದೆ. ನೀರು ಬರಲಿಲ್ಲ. ಬೆರಳು ತೂರಿಸಿದೆ. ಮೊಸರು. ತಣ್ಣಗೆ. ಒಳಗಿನಿಂದ ಏನೋ ಬೆರಳು ಚೀಪಿದ ಹಾಗೆ...

ಕೋಣೆಗೆ ಬೀಗ ಜಡಿದೆ. ಕೀ ಕಿಸೆಯಲ್ಲಿ. “ಒಳಗೆ ಇಲಿ ಉಂಟು” ಎಂದೆ.

“ಇಲಿಗೆ ಹೆದರಿ ಅಳಿಯನನ್ನು ಹಾಲ್‌ನಲ್ಲಿ ಮಲಗಿಸುವುದಾ? ನಿಮಗೆಂತ ಆಗಿದೆ?” ಡಾಲಿ ರೇಗಿದಳು.

ನಿಜ ಹೇಳಬಹುದಿತ್ತು. ಇಲಿ ಸುಲಭವಾಗಿತ್ತು.

ಮೇ 28

ರಾತ್ರಿ ಹಿಂದಿನ ಗೋಡೆ ಜರಿದ ಸದ್ದಿಗೆ ಎದ್ದೆ. ಬೀಗ ತೆಗೆದರೂ ಬಾಗಿಲು ತೆರೆಯಲಿಲ್ಲ. ಒಳಗೆ ಯಾರೋ ಬೆನ್ನು ಕೊಟ್ಟು ಕುಳಿತಂತೆ. ಬಾಗಿಲಿನ ಅಡಿಯಿಂದ ಬಿಳಿ ಕೆಸರು ಬರುತ್ತಿತ್ತು, ನಿಧಾನವಾಗಿ. ತೆಂಗಿನಹಾಲಿನಷ್ಟು ಬಿಳಿ.

ಹಾಶಿಂ ಮನೆಯವರೂ ನಾವೂ ಈಗ ರಸ್ತೆಯಲ್ಲಿ. ಎಲ್ಲರೂ ಇದ್ದೇವೆ, ತಲೆ ಎಣಿಸಿದೆ, ಮತ್ತೆ ಎಣಿಸಿದೆ. ಗೇವಿನ್‌ನ ಕಾರಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಮಳೆ ನಿಂತಿದೆ. ಟಪ್, ಟಪ್ ನಿಂತಿಲ್ಲ.

ಗ್ಲೆನಿಟಾ ಕಿಟಕಿಗೆ ಬಗ್ಗಿದಳು. “ಪಪ್ಪಾ, ಆ ಪೈಪುಗಳನ್ನು ಮುಚ್ಚಿದ್ದು ಯಾರು?”

‘ಇಲಿ’ ಎನ್ನಲು ಬಾಯಿ ತೆರೆದೆ. ಅವಳ ಹಿಂದೆ ಹಾಶಿಂ ನಿಂತಿದ್ದರು, ಮೇಲೆ ತಮ್ಮ ಮನೆಯನ್ನೇ ನೋಡುತ್ತ. “ನಾನು” ಎಂದೆ.