ಶೀಗಿ ಹುಣ್ಣಿಮೆಯ ತಂಬೋಲಾ

ಬೆಟಗೇರಿ
೯ ಅಕ್ಟೋಬರ್ ೨೦೨೫, ಗುರುವಾರ

ಚಿ. ಸೌ. ದ್ರಾಕ್ಷಾಯಣಿಗೆ,

ಗಾಬರಿಯಾಗಬೇಡ. ಮನೆಯಲ್ಲಿ ಬೆಂಕಿ ಬಿದ್ದಿತ್ತು. ಹೊಗೆ ಅಂದರೆ ಹೊಗೆ, ಎದುರಿಗೆ ನಿಂತವರ ಮುಖ ಕಾಣಿಸುತ್ತಿರಲಿಲ್ಲ. ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಓಡಿ ಬಂದರು. ಉಳಿಸಿಕೊಳ್ಳಬಹುದಾದದ್ದನ್ನು ಉಳಿಸಿಕೊಂಡಿದ್ದೇನೆ, ಮಿಕ್ಕಿದ್ದು ಕರಕಲಾಯಿತು.

ನೀನು ಗಾಬರಿಯಿಂದ ಮಗಳು ಶಾಂಭವಿಯನ್ನು ಕೂಗುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಂಕಿ ಬಿದ್ದದ್ದು ಅನ್ನದ ತಳಕ್ಕೆ. ಕೊಡ ಹಿಡಿದವರು ಓಡಿ ಬಂದದ್ದು ನಳಕ್ಕೆ ನೀರು ಬಂತೆಂದು. ಪಕ್ಕದ ಮನೆ ಗುರುಸಿದ್ದವ್ವ ಒಬ್ಬಳೇ ಒಳಗೆ ಇಣುಕಿ, "ಏನ್ ಸುಡಾಕ ಹತ್ತೀರಿ ಹುಚ್ಚೀರಪ್ಪಣ್ಣ, ಅನ್ನಾನೋ ಹರಕ ಅರಿವೀನೋ?" ಎಂದು ಕೇಳಿ, ಎರಡು ರೊಟ್ಟಿ ಕೊಟ್ಟು ಹೋದಳು.

ನೀನು ಲಕ್ಷ್ಮೇಶ್ವರಕ್ಕೆ ಹೋದ ಮೂರನೆಯ ದಿನವೇ ಬರೆಯುತ್ತೇನೆ ಎಂದವನು ಇಪ್ಪತ್ತು ದಿನ ತಡ ಮಾಡಿದೆ. ಪೆನ್ನು ಕೈಕೊಟ್ಟಿತು ಎಂದು ಹೇಳುವವನಿದ್ದೆ, ಆದರೆ ಈ ಪತ್ರಕ್ಕೆ ಒಂದು ಸುಳ್ಳು ಸಾಕು. ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀ. ಫೋನಾದರೆ ನೀನು ನಡುವೆಯೇ ಕಡಿದುಹಾಕುತ್ತೀ. ಪತ್ರವನ್ನೂ ಹರಿಯಬಹುದು, ಆದರೆ ಓದಿದ ಮೇಲೆ. ಇನ್ನೊಂದು ಕಾರಣವೂ ಇದೆ, ಅದು ಕೊನೆಗೆ.

ಶಾಂಭವಿಯ ಕೂಸಿನ ಫೋಟೋ ಅಳಿಯ ಸಾಗರ ಕಳಿಸಿದ್ದ. ಹತ್ತು ದಿನದ ಕೂಸು ನಿನ್ನ ಹಾಗೆಯೇ ಹುಬ್ಬು ಗಂಟಿಕ್ಕಿ ನನ್ನನ್ನು ನೋಡುತ್ತಿದೆ. ನಾನು ಇನ್ನೂ ಏನೂ ಮಾಡಿಲ್ಲವಲ್ಲ ಮಾರಾಯ್ತಿ ಎಂದು ಫೋಟೋಕ್ಕೇ ಹೇಳಿದೆ. ಶಾಂಭವಿಗೆ ಬೆನ್ನಿಗೆ ಬಿಸಿನೀರು ಚೆನ್ನಾಗಿ ಹಾಕು.

ಈಗ ಸುದ್ದಿಗೆ ಬರುತ್ತೇನೆ. ಶೀಗಿ ಹುಣ್ಣಿಮೆಗೆ ನಮ್ಮ ಮಂದಿಯ ಬೆಳದಿಂಗಳೂಟ ಈ ವರ್ಷವೂ ಅಂದಪ್ಪನ ಮಗ್ಗದ ಮನೆಯ ಮಾಳಿಗೆಯ ಮೇಲೆ ಆಯಿತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಒಂದು ಬುಟ್ಟಿ ಮಿರ್ಚಿ. ಊಟ ಮುಗಿದ ಮೇಲೆ ತಂಬೋಲಾ. ಚೀಲದಿಂದ ಬಿಲ್ಲೆ ತೆಗೆದು ಸಂಖ್ಯೆ ಕೂಗುವವನು ಎಂದಿನಂತೆ ನಾನೇ. ನಮ್ಮಲ್ಲಿ ದುಡ್ಡು ಕಟ್ಟುವುದಿಲ್ಲ ಎಂಬುದು ನಿನಗೆ ಗೊತ್ತು. ಚೀಟಿಯ ಹದಿನೈದೂ ಸಂಖ್ಯೆ ಮುಚ್ಚಿ ಮೊದಲು "ಹೌಸ್!" ಎಂದು ಕೂಗಿದವರು, ಅಲ್ಲಿದ್ದ ಯಾರಿಂದಲಾದರೂ ಏನಾದರೂ ಒಂದು ಕೇಳಬಹುದು. ಕೊಡುವವರು ಇಲ್ಲ ಎನ್ನುವಂತಿಲ್ಲ. ಹೋದ ವರ್ಷ ನವಾಜ ಗೆದ್ದು ಅಂದಪ್ಪನ ಮೀಸೆಯನ್ನೇ ಕೇಳಿದ. ಅಂದಪ್ಪ ಅಲ್ಲೇ ಬೋಳಿಸಿಕೊಂಡು ಮನೆಗೆ ಹೋದಾಗ ಅವನ ನಾಯಿಯೇ ಅವನನ್ನು ಒಳಗೆ ಬಿಡಲಿಲ್ಲ.

ಈ ವರ್ಷ ಒಬ್ಬ ಹೊಸ ಆಟಗಾರ ಬಂದಿದ್ದ. ಹೆಸರು ಹೇಳಿದರೆ ಪತ್ರ ಮಡಿಸಿಡುತ್ತೀ. ಮಡಿಸಬೇಡ. ನಿನ್ನ ತಮ್ಮ ಮೌನೇಶ.

ಅಂದಪ್ಪನಿಗೆ ನಿಮ್ಮ ಯಳವತ್ತಿಯ ಹೊಲದಿಂದ ಉಳ್ಳಾಗಡ್ಡಿ ಚೀಲ ತಂದಿದ್ದನಂತೆ. ಇಳಿಸಿ ಹೊರಟವನನ್ನು ನವಾಜ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನ ಕೈ, ಹಿಡಿದರೆ ಬಿಡುವುದಿಲ್ಲ. ಮೇಲೆ ಬಂದ ಮೌನೇಶ ಮೊದಲು ಸುತ್ತ ನೋಡಿದ. ಆಮೇಲೆ ನನ್ನನ್ನು ಕೇಳಿದ:

"ಅಕ್ಕ ಇಲ್ಲೇನ್ ಮಾಮಾ?"

"ಲಕ್ಷ್ಮೇಶ್ವರದಾಗ ಅದಾಳೋ. ಶಾಂಭವಿ ಹಡದಾಳ."

"ಹಂಗಾರ ಕುಂಡ್ರತೇನಿ," ಎಂದ.

ನೀನು ಇಲ್ಲ ಎಂದು ತಿಳಿದ ಮೇಲೆ ಕುಳಿತ, ದ್ರಾಕ್ಷಾ. ನೀವಿಬ್ಬರೂ ಮಾತು ಬಿಟ್ಟು ಒಂಬತ್ತು ನಾಗರ ಪಂಚಮಿ ಆಯಿತು. ಆ ವರ್ಷ ಪಂಚಮಿ ಹತ್ತಿರ ಬಂದಾಗ, ಒಂದು ಮಧ್ಯಾಹ್ನ ಫೋನಿನಲ್ಲಿ ಅವನು ಆಡಿದ ಮಾತು ಏನೆಂದು ನೀನು ಯಾರಿಗೂ ಹೇಳಲಿಲ್ಲ. ತವರಿನ ಮಾತು ಹೊರಗೆ ಹಾಕಬಾರದೆಂದು ನನಗೂ ಹೇಳಲಿಲ್ಲ. ಸಂಜೆ ಅವನು ಉಂಡಿಯ ಬುಟ್ಟಿ ಹೊತ್ತು ಹಬ್ಬಕ್ಕೆ ಕರೆಯಲು ಬಂದರೆ, ಅವನ ಮುಖದ ಮೇಲೆ ಬಾಗಿಲು ಹಾಕಿದೆ. ಅವನೂ ನಿನ್ನ ತಮ್ಮನೇ, ಮತ್ತೆ ಬಾಗಿಲು ಬಡಿಯಲಿಲ್ಲ.

ಅವನು ಮೂಲೆಯಲ್ಲಿ ನೂಲಿನ ಗಳದ ಕೆಳಗೆ ಕುಳಿತ. ಅಂದಪ್ಪ ಹಗಲು ಒಣಹಾಕಿದ್ದ ಬಿಳಿ ನೂಲನ್ನು ಇನ್ನೂ ತೆಗೆದಿರಲಿಲ್ಲ. ಬೆಳದಿಂಗಳು ಆ ಲಡಿಗಳಿಂದಲೇ ತೊಟ್ಟಿಕ್ಕುತ್ತಿದೆಯೇನೋ ಅನ್ನುವ ಹಾಗಿತ್ತು. ಗಾಳಿಗೆ ನೂಲು ಅಲುಗಿದರೆ ಅವನ ಮುಖದ ಮೇಲೂ ಗೆರೆಗೆರೆಯಾಗಿ ಬೆಳಕು ಅಲುಗುತ್ತಿತ್ತು. ಒಂದು ಗಳಿಗೆ ಹನ್ನೆರಡು ವರ್ಷದವನಂತೆ ಕಂಡ. ನಮ್ಮ ಮದುವೆಯಲ್ಲಿ ನಿನ್ನ ಸೆರಗು ಹಿಡಿದು ಗದಗ ಸ್ಟೇಷನ್ನಿನವರೆಗೆ ಅತ್ತನಲ್ಲ, ಅವನಂತೆ.

ಆಟ ಶುರುವಾಯಿತು. ನಾನು ಬಿಲ್ಲೆ ತೆಗೆದೆ.

"ಒಂದು! ಅಂದಪ್ಪನ ಬಾಯಾಗ ಉಳದದ್ದು!"

"ಎರಡ ಅದಾವಲೇ!" ಎಂದು ಅಂದಪ್ಪ ಬಾಯಿ ತೆರೆದು ತೋರಿಸಿದ.

"ಹತ್ತು! ನವಾಜ, ಬಸ್ ಹತ್ತು!"

"ಚಿಲ್ಲರ ಇದ್ದಾವ್ರಷ್ಟ ಹತ್ರಿ!" ಎಂದು ನವಾಜ ಕೂಗಿದ.

"ಏಳು! ಕುಂತಾವ್ರೆಲ್ಲಾ ಏಳ್ರಿ!"

"ಮೊಣಕಾಲು ನಿಮ್ಮಪ್ಪ ಕೊಡ್ತಾನೇನು?" ಎಂದು ಬೈಯುತ್ತಲೇ ಗುರುಸಿದ್ದವ್ವ ಎದ್ದು ನಿಂತಳು. ಎದ್ದ ರಭಸಕ್ಕೆ ಚೀಟಿಯ ಮೇಲಿನ ಶೇಂಗಾ ಕಾಳೆಲ್ಲ ಚೆಲ್ಲಿದವು. ಸಂಖ್ಯೆ ಮುಚ್ಚಲು ಕೊಟ್ಟ ಕಾಳುಗಳನ್ನು ಅಂದಪ್ಪ ಆಗಲೇ ತಿಂದು ಮುಗಿಸಿದ್ದ. "ನಂದು ಯಾವ್ಯಾವ ಹ್ವಾದುವು ಹೇಳ್ರಪಾ" ಎಂದು ಎಲ್ಲರ ಹೆಗಲ ಮೇಲೂ ಬೀಳುತ್ತಿದ್ದ. ನಾನು ಒಂದು ಸಂಖ್ಯೆ ನವಾಜನ ದನಿಯಲ್ಲಿ, ಒಂದು ಗುರುಸಿದ್ದವ್ವನ ದನಿಯಲ್ಲಿ ಕೂಗಿದೆ. ಕಣ್ಣು ಮುಚ್ಚಿಕೊಂಡರೆ ಯಾರೆಂದು ಗೊತ್ತಾಗುವುದಿಲ್ಲ ಎಂದು ಬಿದ್ದುಬಿದ್ದು ನಕ್ಕರು. "ಮೌನೇಶಂದ ಒಂದ ಮಾಡಲೇ ಹುಚ್ಚೀರಾ," ಎಂದ ನವಾಜ. ಅದು ನನಗೆ ಬರುವುದಿಲ್ಲ ಎಂದೆ.

ಮುಂದಿನ ಬಿಲ್ಲೆ ಆರು. "ಆರು! ಚಹಾ ಆರಿತು, ದೀಪ ಆರಿತು!" ಎಂದೆ ನೋಡು, ಖರೆ ಹೇಳುತ್ತೇನೆ, ಆ ಕ್ಷಣಕ್ಕೇ ಕರೆಂಟ್ ಹೋಯಿತು. ಎಲ್ಲರೂ ನನ್ನನ್ನೇ ಬೈದರು. ಬೈದು ಮುಗಿಸಿ ಒಮ್ಮೆಗೇ ಸುಮ್ಮನಾದರು. ಯಾಕೆಂದರೆ ಬೆಟಗೇರಿಯ ಪವರ್‌ಲೂಮುಗಳೆಲ್ಲ ನಿಂತಿದ್ದವು. ಹಗಲೂ ರಾತ್ರಿ ಖಟಖಟ ಅನ್ನುವ ಊರು ಬಾಯಿ ಮುಚ್ಚಿದ್ದನ್ನು ನೀನು ಕೇಳಿಲ್ಲ. ಮಾಳಿಗೆ ಮಾಳಿಗೆಯ ಮೇಲೆ ಬೆಳದಿಂಗಳು ಹಾಸಿತ್ತು, ಈಗಷ್ಟೇ ಮಗ್ಗದಿಂದ ಕೊಯ್ದ ಸೀರೆಯ ಹಾಗೆ. ಗುರುಸಿದ್ದವ್ವ ಮೆಲ್ಲಗೆ, "ಹಿಂಗ ಇರಲಿ ಬಿಡ್ರಿ. ಈ ಬೆಳಕಿನ್ಯಾಗ ಆಡೂಣು," ಎಂದಳು.

ಚೀಟಿ ಅವರಿಗೆ ಕಾಣುತ್ತಿತ್ತು. ನನ್ನ ಕಣ್ಣಿಗೆ ಬಿಲ್ಲೆಯ ಮೇಲಿನ ಸಂಖ್ಯೆ ಕಾಣುತ್ತಿರಲಿಲ್ಲ. ಹಾಗೆಂದು ಹೇಳಿದರೆ ಆಟ ನಿಲ್ಲುತ್ತಿತ್ತು. ಹೇಳಲಿಲ್ಲ. ಮೌನೇಶನ ಕೈಗೆ ಚೀಟಿ ಕೊಡುವಾಗ ಒಮ್ಮೆ ನೋಡಿದ್ದೆ. ನಲವತ್ತು ವರ್ಷ ಸೀರೆಯ ಅಂಚಿನ ನಕ್ಷೆಗೆ ರಟ್ಟಿನಲ್ಲಿ ತೂತು ಹೊಡೆದವನು ನಾನು. ಎಲ್ಲಿ ತೂತು, ಎಲ್ಲಿ ಖಾಲಿ ಎಂದು ಒಮ್ಮೆ ನೋಡಿದರೆ ಸಾಕು. ತಂಬೋಲಾ ಚೀಟಿಯೂ ಹಾಗೆಯೇ, ಮೂರು ಸಾಲು, ನಡುನಡುವೆ ಖಾಲಿ. ಚೀಲದಲ್ಲಿ ಸುಮ್ಮನೆ ಕೈಯಾಡಿಸುತ್ತ ಅವನ ಚೀಟಿಯನ್ನೇ ಕೂಗತೊಡಗಿದೆ. ಅನುಮಾನ ಬರಬಾರದೆಂದು ಅಲ್ಲೊಂದು ಇಲ್ಲೊಂದು ಬೇರೆಯದನ್ನೂ ಸೇರಿಸಿದೆ. ಅವನು ಒಮ್ಮೆ ಗೆಲ್ಲಲಿ, ನಾಲ್ಕು ಜನರ ನಡುವೆ ನಗಲಿ, ಯಾರದಾದರೂ ಮೀಸೆ ಕೇಳಲಿ. ಅಷ್ಟೇ ನನ್ನ ಆಸೆ ಇತ್ತು.

ಕೊನೆಗೆ ಅವನಿಗೆ ಒಂದೇ ಉಳಿಯಿತು, ಒಂಬತ್ತು. ಎಲ್ಲ ಸಂಖ್ಯೆಗೂ ಒಂದು ಮಾತು ಕಟ್ಟಿದ್ದೆ. ಒಂಬತ್ತಕ್ಕೆ ಬಾಯಿಗೆ ಏನೂ ಬರಲಿಲ್ಲ. ಬರೀ "ಒಂಬತ್ತು" ಎಂದೆ.

"ಹೌಸ್!" ಎಂದು ಕೂಗಿದ ಮೌನೇಶ. ಅವನ ದನಿ ಅಷ್ಟು ದೊಡ್ಡದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಂದಪ್ಪ ಎರಡೂ ಕೈಯಿಂದ ತುಟಿಯ ಮೇಲ್ಭಾಗ ಮುಚ್ಚಿಕೊಂಡು, "ನನ್ನ ಬಿಟ್ಟ ಯಾರನ್ನರ ಕೇಳೋ ತಮ್ಮಾ!" ಎಂದ. ನವಾಜ ಖಾಲಿ ಮಿರ್ಚಿ ಬುಟ್ಟಿಯನ್ನು ಅವನ ತಲೆಯ ಮೇಲೆ ಕಿರೀಟದ ಹಾಗೆ ಇಟ್ಟ. ಮೌನೇಶ ನಕ್ಕ, ದ್ರಾಕ್ಷಾ. ಹಲ್ಲು ಕಾಣುವ ಹಾಗೆ ನಕ್ಕ. ಆಮೇಲೆ ಬುಟ್ಟಿ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಮಾಮಾ, ನಿನ್ನ ಕೇಳತೇನಿ. ಆ ವರ್ಷ ಅಕ್ಕ ಬಾಗಿಲಾ ಯಾಕ ಹಾಕಿದ್ಲು? ನಾ ಏನ್ ತಪ್ಪ ಮಾಡೇನಿ? ಅಷ್ಟ ಹೇಳು, ಮತ್ತೇನ ಬ್ಯಾಡ."

ನಾನು ಚೀಲದ ಬಾಯಿ ಕಟ್ಟುತ್ತ ಕುಳಿತೆ, ಕಟ್ಟಿದ್ದನ್ನೇ ಮತ್ತೆ ಕಟ್ಟಿದೆ. ಏನಾದರೂ ನಗೆಮಾತು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

"ಕೊಡಬೇಕಲೇ ಹುಚ್ಚೀರಾ," ಎಂದ ಅಂದಪ್ಪ. "ನಾ ಮೀಸಿ ಕೊಟ್ಟೇನಿ."

"ಮೂರ ದಿನಾ ಬಿಡು. ಕೊಡತೇನಿ," ಎಂದೆ.

ಇಂದಿಗೆ ಮೂರು ದಿನವಾಯಿತು.

ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕುವಾಗ ನಾನು ಬರಬೇಕೆಂದಿದ್ದೇನೆ. ಈ ಪತ್ರ ಓದಿದ ಮೇಲೆ ನೀನು ಬಾ ಎಂದರೆ ಬರುತ್ತೇನೆ. ಬೇಡವೆಂದರೆ ಕೂಸಿನ ತಲೆಗೆ ಹಾಕುವ ಕುಂಚಿಗೆಯನ್ನು ಗುರುಸಿದ್ದವ್ವನ ಕೈಯಲ್ಲಿ ಕಳಿಸುತ್ತೇನೆ. ಕೂಸಿಗೆ ನೂರು ವರ್ಷ ಆಯುಷ್ಯ ಇರಲಿ, ನಿನ್ನ ಬುದ್ಧಿ ಬರಲಿ, ನನ್ನ ನಾಲಿಗೆ ಬಾರದಿರಲಿ. ಶಾಂಭವಿಗೂ ಸಾಗರನಿಗೂ ಒಳ್ಳೆಯದಾಗಲಿ. ನಿನಗೆ ಆಶೀರ್ವಾದ ಮಾಡುವ ಧೈರ್ಯ ಇವತ್ತು ನನಗಿಲ್ಲ.

ನಿನ್ನ,
ಹುಚ್ಚೀರಪ್ಪ

ತಾ.ಕ.: ಈ ಪತ್ರ ನಿನ್ನ ಕೈಗೆ ಕೊಟ್ಟವನು ಸಾಗರ. ಆದರೆ ಯಳವತ್ತಿಗೆ ಹೋಗಿ ನಾನು ಇದನ್ನು ಕೊಡುವುದು ಮೌನೇಶನ ಕೈಗೆ. ನೀನು ಇದನ್ನು ಓದುವಾಗ ಅವನು ಅಲ್ಲೇ ಸಾಗರನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತಿರುತ್ತಾನೆ. ಒಳಗೇನಿದೆ ಎಂದು ಅವನಿಗೆ ಗೊತ್ತಿಲ್ಲ. "ನೀ ಗೆದ್ದದ್ದು ಇದರಾಗ ಐತಿ, ಒಡೆಯೂದು ಮಾತ್ರ ನಿಮ್ಮಕ್ಕ" ಎಂದು ಅಂಟು ಹಚ್ಚಿ ಕೊಡುತ್ತೇನೆ. ಮುಂದಿನ ಸಾಲುಗಳನ್ನು ಅವನನ್ನು ಕರೆದು ಅವನಿಗೂ ಓದಿ ಹೇಳು.

"ಅಕ್ಕಾ, ಹೊಸಾ ನಂಬರ್ ಇದು. ಈ ಸಲ ಪಂಚಮಿಗೆ ಬರಬ್ಯಾಡ. ಬಂದಾವ್ರಿಗೆಲ್ಲಾ ಮಾಡಿ ಹಾಕಿ ಹಾಕಿ ನನ್ನ ಹೆಂಡ್ತಿ ಸೊಂಟ ಬಿದ್ದೈತಿ." ನೀನು ಯಾರಿಗೂ ಹೇಳದ ಮಾತು ಇದೇ ಅಲ್ಲವೇ? ಅದು ನನಗೆ ಹೇಗೆ ಗೊತ್ತು? ಅಂದಪ್ಪನ ಫೋನಿನಿಂದ, ಮೌನೇಶನ ದನಿ ಮಾಡಿ, ಆಡಿದವನು ನಾನು. ಸಂಜೆ ಮನೆಗೆ ಬಂದು ನಾನೇ ಎಂದು ಹೇಳಿ ನಗಿಸಬೇಕೆಂದಿದ್ದೆ. ಬರುವಷ್ಟರಲ್ಲಿ ಅವನು ಬಂದು ಹೋಗಿದ್ದ, ನೀನು ಒಳಗೆ ಅಳುತ್ತಿದ್ದೆ. ಹೊರಗೆ ಕಟ್ಟೆಯ ಮೇಲೆ ಅವನ ಬುಟ್ಟಿಯಿಂದ ಉರುಳಿದ ಒಂದು ಉಂಡಿ ಬಿದ್ದಿತ್ತು. ಅದನ್ನು ಕಂಡರೆ, ಅವನು ಹಬ್ಬಕ್ಕೆ ಕರೆಯಲು ಬಂದವನೆಂದು ತಿಳಿದು, ನೀನು ಬಾಗಿಲು ತೆಗೆದು ಅವನ ಹಿಂದೆ ಓಡುತ್ತಿದ್ದೆಯೇನೋ. ಅವನು ಇನ್ನೂ ಓಣಿ ದಾಟಿರಲಿಲ್ಲ. ನಾನು ಅದನ್ನು ಎತ್ತಿ, ಧೂಳು ಒರೆಸಿ, ಬಾಗಿಲಿಗೆ ಬೆನ್ನು ಹಾಕಿ ಕುಳಿತು ತಿಂದೆ.