ಅಪ್ಪ ಬಿಚ್ಚಿದ ಮಂಚ

ಯಲಹಂಕ, 1986

ಅವ್ವಾ,

ಇವತ್ತು ಮಧ್ಯಾಹ್ನ ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ ಅಪ್ಪ ನಿನ್ನ ಮಂಚವನ್ನು ಬಿಚ್ಚಿಹಾಕಿದ್ದ. ನಿನ್ನ ಸೊಂಟನೋವು ಹೆಚ್ಚಾದ ವರ್ಷ, ಕಾರ್ಖಾನೆಗೆ ಯಂತ್ರಗಳ ಅಡಿಯಲ್ಲಿ ಬರುತ್ತಿದ್ದ ಪ್ಯಾಕಿಂಗ್ ಹಲಗೆಗಳನ್ನು ಗೇಟ್‌ಪಾಸ್ ಮಾಡಿಸಿ ತಂದು, ಅವನೇ ಉಜ್ಜಿ ಜೋಡಿಸಿದ ಮಂಚ. ಈಗ ಹಲಗೆಗಳನ್ನೆಲ್ಲ ಬಾಗಿಲ ಬಳಿ ಒಟ್ಟಿ, ಸೊಟ್ಟ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುತ್ತಿದ್ದ.

"ಏನ್ ಮೇಡಂ, ನಿಮ್ ತಂದೆ ಬೆಳಗ್ಗಿಂದ ಡ್ಯೂಟಿ ಮೇಲವ್ರೆ!" ಎಂದು ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಕಾಂಪೌಂಡಿನಾಚೆಯಿಂದ ನಕ್ಕರು. ನಾನೂ ನಕ್ಕೆ. ಅಪ್ಪ ನಿವೃತ್ತನಾಗಿ ಎಷ್ಟು ಕಾಲವಾಯಿತೆಂದು ಅವರಿಗೂ ಗೊತ್ತು.

"ಇದು ಕಂಪನಿ ಮಾಲ್ ಐತಿ. ಪಾಸ್ ಇಲ್ದ ತಂದೀನಿ, ಹೊಳ್ಳಿ ಕೊಡಬೇಕು. ಇಲ್ಲಂದ್ರ ನೌಕರಿ ಹೋಗತೈತಿ," ಎಂದ ಅಪ್ಪ.

"ಪಾಸ್ ಇತ್ತಪ್ಪಾ. ಅವ್ವಗ ತೋರ್ಸಿದ್ದಿ, ನೆನಪಿಲ್ಲೇನು?"

ನಿನ್ನ ಮಾತು ಬಂದದ್ದೇ ಸುತ್ತಿಗೆ ಕೆಳಗಿಟ್ಟು ಖಾಲಿ ಜಾಗವನ್ನು ನೋಡಿದ. "ಇನ್ನ ಆಕಿ ಎಲ್ಲಿ ಮಲಗತಾಳ?"

ನಾನು ಚಾಪೆ ತೋರಿಸಿದೆ.

"ಹುಚ್ಚಿ, ನೆಲ ತಂಪ ಐತಿ! ಎಂ.ಎ. ಓದಿದ್ರೂ ಇಷ್ಟ ತಿಳಿಯೂದಿಲ್ಲೇನು? ಹಲಗಿ ಹಿಡಿ, ಆಕಿ ಬರೂದ್ರಾಗ ಕೂಡಿಸೂಣು."

ಹಿಡಿದುಕೊಂಡೆ. ಮೊದಲ ಮೊಳೆ ಹೊಡೆಯುತ್ತ, ನೀನು ಯಾವಾಗ ಬರುತ್ತೀ ಎಂದು ಕೇಳಿದ. ನಿನ್ನ ಸಮಾಧಿಗೆ ಎಲ್ಲರಿಗಿಂತ ಮೊದಲು ಹಿಡಿ ಮಣ್ಣು ಹಾಕಿದವನು ಅವನೇ.

"ಸಂಜೀಕ ಬರ್ತಾಳಪ್ಪಾ," ಎಂದೆ.

ಸಂಜೆಯಾಗಿದೆ, ಅವ್ವಾ. ಹೊರಗಿನ ದೀಪ ಹಾಕಿಸಿಕೊಂಡು, ಗೇಟಿನ ಕಡೆ ಮುಖ ಮಾಡಿ ಕೂತಿದ್ದಾನೆ.