ಬಾಡಿಗೆ ಮನೆಯ ಕಂಟೆಂಟ್ಸ್

ತಾರಾ, ಈ ಪತ್ರ ನಿನಗೆ ಮುಟ್ಟದು. ಆದರೂ ಹೇಳದೆ ಇರಲಾರೆ. ಇವತ್ತು ನಮ್ಮ ಬಾಡಿಗೆ ಮನೆಯ ಸಾಮಾನಿಗೆ ಬೆಂಕಿ ವಿಮೆ ಮಾಡಿಸಿದೆ. ಗೋಕಾಕದ ಬಾಡಿಗೆದಾರರಲ್ಲಿ ನಾನೇ ಮೊದಲಿಗನಿರಬೇಕು!

“ಮನಿ ವಿಮಾ ನಾ ಮಾಡಿಸೇನಲ್ರಿ ಮಾಸ್ತರ, ನಿಮಗ್ಯಾಕ?” ಎಂದರು ಮಾಲಕ ಕುಂಥುನಾಥರು.

“ನಿಮ್ಮದು ಗ್ವಾಡಿ, ಮಾಳಿಗಿಗಷ್ಟರಿ. ನಮ್ಮಾಕಿ ಹೊಲಿಗಿ ಮಷಿನ್ ಸುಟ್ರ ನೀವ್ ಕೊಡ್ತೀರೇನು?” ಎಂದೆ.

ಇಂಗ್ಲಿಷ್ ಫಾರ್ಮನ್ನೂ ನಾನೇ ತುಂಬಿದೆ. ‘ಕಂಟೆಂಟ್ಸ್’ ಎಂಬಲ್ಲಿ ಮಾತ್ರ, ಕಾಲೇಜಿನಲ್ಲಿ ಕಲಿತ ‘ಕಂಟೆಂಟ್’ ಎಂದರೆ ತೃಪ್ತಿ ಎಂಬುದು ನೆನಪಾಗಿ, ‘ಯೆಸ್’ ಎಂದು ಬರೆದುಬಿಟ್ಟೆ.

“ತೃಪ್ತಿ ಅಲ್ರಿ, ಮನಿಯಾಗಿನ ಸಾಮಾನ್ ಕೇಳ್ಯಾರ್ರಿ!” ಎಂದು ವಿಮೆಯ ಏಜೆಂಟ ಬಿದ್ದು ಬಿದ್ದು ನಕ್ಕ. ತಿದ್ದಿ, ನಿನ್ನ ಮಷಿನ್ನನ್ನೇ ಮೊದಲು ಬರೆದೆ.

ನೀನು ತೀರಿಹೋದದ್ದು ಅವನಿಗೆ ಗೊತ್ತಿಲ್ಲ. “ನೀವ್ ತೃಪ್ತರು ಖರೆ, ನಿಮ್ಮ ಮನಿ ಬಾಯಾರು?” ಎಂದು ಚೇಷ್ಟೆ ಮಾಡಿದ.

“ಆಕಿನ್ನ ಎಂದೂ ಕೇಳೇ ಇಲ್ಲಪಾ,” ಎಂದೆ.